ಎಡಗಡೆಯ ಸ್ಟೀರಿಂಗ್

ಆಟಿಕೆಯ ಆಂಬುಲೆನ್ಸನ್ನು ಹ್ಯಾಕ್‌ಸಾ ಬ್ಲೇಡಿನಿಂದ ಸೀಳಿ ಎರಡು ಹೋಳು ಮಾಡಿದಾಗ ಒಳಗಿನ ಸ್ಟೀರಿಂಗ್ ಎಡಗಡೆಗಿತ್ತು. ಯಾವುದೋ ಪರದೇಶದ ಅಚ್ಚಿನಲ್ಲಿ ಹೊಯ್ದ ಮಾಲು. ಜತ್ತದ ಸಂತೆಯಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳ ಪಕ್ಕದಲ್ಲಿ ನೇತಾಡುತ್ತಿತ್ತು. ಸ್ಟೀರಿಂಗನ್ನು ಕಿತ್ತು ಬಲಕ್ಕೆ ಕೂರಿಸಬೇಕೆಂದು ಚಿಮಟ ಕೈಗೆತ್ತಿಕೊಂಡೆ. ಆಮೇಲೆ ಏನನ್ನಿಸಿತೋ, ಚಿಮಟವನ್ನು ಕೆಳಗಿಟ್ಟು ಹಾಗೇ ಬಿಟ್ಟೆ. ಇವರು ಏನನ್ನುತ್ತಾರೆ, ನೋಡೋಣ.

ಇವರು ಅಂದರೆ ನಮ್ಮ ಮನೆಯವರು. ಸೈನ್ಯದಲ್ಲಿ ಆಂಬುಲೆನ್ಸ್ ಡ್ರೈವರ್ ಆಗಿದ್ದವರು. ಹಿಮದ ಗುಡ್ಡಗಳಿಂದ ಜವಾನರನ್ನು ಕೆಳಗಿನ ಆಸ್ಪತ್ರೆಗೆ ಇಳಿಸಿ ತಂದವರು. ಮದುವೆಗೆ ಮುಂಚೆ ಇವರ ಬಗ್ಗೆ ನನಗೆ ಗೊತ್ತಿದ್ದ ಸಂಗತಿ ಅದೊಂದೇ. ನಾನು ಸೊಲ್ಲಾಪುರದ ಕಾನ್ವೆಂಟಿನಲ್ಲಿ ಓದಿದವಳು, ನಮ್ಮಪ್ಪನದು ಕಾಳಿನ ವ್ಯಾಪಾರ. ಹೊಲಮನೆಯ ಹುಡುಗನಿಗೆ ಕೊಡುವುದು ಹೇಗೆ ಎಂದು ಹಿಂದೆಮುಂದೆ ನೋಡುತ್ತಿದ್ದ ಅಪ್ಪ, ‘ಆಂಬುಲೆನ್ಸ್ ಡ್ರೈವರ್’ ಎಂದ ಕೂಡಲೇ ಒಪ್ಪಿದರು. ನಾನೂ ಒಪ್ಪಿದೆ. ಹಾಸ್ಟೆಲಿನ ಗೆಳತಿಯರಿಗೆಲ್ಲ ಇಂಗ್ಲಿಷಿನಲ್ಲಿ ಪತ್ರ ಬರೆದೆ, ಹೀ ಸೇವ್ಸ್ ಲೈವ್ಸ್ ಎಂದು. ಈಗಿನ ಹುಡುಗಿಯರಿಗೆ ಅದು ನಗೆ ತರಿಸೀತು. ಆಗ ಅದನ್ನು ಅಂಚೆಗೆ ಹಾಕುವ ಮುಂಚೆ ನಾನು ಎರಡೆರಡು ಸಲ ಓದಿಕೊಂಡಿದ್ದೆ.

ಸಂಜೆ ಇವರು ಬಂದು ಕುಳಿತರು. ಇವರಿಗೆ ಒಂದು ಕಣ್ಣು ಮಂಜು, ಕೈಗಳೆರಡೂ ನಡುಗುತ್ತವೆ. ಆದ್ದರಿಂದ ನಮ್ಮ ಹಾಬಿಯಲ್ಲಿ ಬಾಯಿ ಇವರದು, ಕೈ ನನ್ನದು. ಹೋಳಾದ ಗಾಡಿಯೊಳಗೆ ಬೆರಳಿಟ್ಟು ತಡವಿದರು. ಸ್ಟೀರಿಂಗಿನ ಮೇಲೆ ಬೆರಳು ಹೋಯಿತು, ಒಂದು ಸುತ್ತು ಸುತ್ತಿತು, ಮುಂದೆ ಸಾಗಿತು.

“ಚಲೋ ಐತಿ,” ಅಂದರು. “ಗಿಯರಿನ ಕಡ್ಡಿ ಇದರ ಬಲಕ್ಕ ನಿಲ್ಲಸು.”

ನಾನು ಮತ್ತೊಮ್ಮೆ ಗಾಡಿಯೊಳಗೆ ನೋಡಿದೆ. ಎಡಗಡೆಯ ಸ್ಟೀರಿಂಗು, ಅದರ ಬಲಕ್ಕೆ ಗಿಯರು. ನಮ್ಮ ಮಗನ ಕಾರಿನಲ್ಲಿ, ಎಸ್‌ಟಿ ಬಸ್ಸಿನಲ್ಲಿ, ಹಾದಿಯ ಮೇಲೆ ಹೋಗುವ ಯಾವ ಗಾಡಿಯಲ್ಲಿ ನೋಡಿದರೂ ಅದು ತಿರುಗಾಮುರುಗಾ.

ಹಾಬಿ ಶುರುವಾದದ್ದು ಮೊಮ್ಮಕ್ಕಳು ಬಿಟ್ಟುಹೋದ ಒಂದು ಚೀಲದಿಂದ. ಅವು ದೊಡ್ಡವಾಗಿ ಮೊಬೈಲು ಹಿಡಿದವು. ಮುರಿದ ಜೀಪು, ಟಿಪ್ಪರು, ಜೆಸಿಬಿ, ಮಡ್‌ಗಾರ್ಡು ಕಿತ್ತ ಟ್ರಾಕ್ಟರುಗಳೆಲ್ಲ ಗೋಣಿಚೀಲದಲ್ಲಿ ಉಳಿದವು. ಒಂದು ದಿನ ಇವರು ಅದನ್ನು ಅಂಗಳಕ್ಕೆ ಸುರುವಿಕೊಂಡು, “ಈ ಟಿಪ್ಪರಿನ ಗಾಲಿ ಆ ಜೀಪಿಗೆ ಹಾಕಿದ್ರ ಮಿಲ್ಟ್ರಿ ಜೀಪ್ ಆಗ್ತೈತಿ ನೋಡು,” ಅಂದರು. ನನಗೆ ಹಾಸ್ಟೆಲಿನ ನೀಡಲ್‌ವರ್ಕ್ ಕ್ಲಾಸು ನೆನಪಾಯಿತು. ಸಿಸ್ಟರ್ ನಮ್ಮ ಕಸೂತಿಯ ಹಿಂಬದಿಯನ್ನು ತಿರುಗಿಸಿ ನೋಡುತ್ತಿದ್ದರು. ಮುಂಬದಿ ಯಾರು ಬೇಕಾದರೂ ನೀಟಾಗಿ ಮಾಡುತ್ತಾರೆ, ಹಿಂಬದಿ ತೋರಿಸು ಎನ್ನುವವರು. ಆ ಅಭ್ಯಾಸ ನನ್ನಿಂದ ಹೋಗಿಲ್ಲ.

ಅಂಗಡಿಯ ಆಟಿಕೆಗಳಿಗೆ ಸ್ಕೇಲ್ ಎಂಬುದೇ ಇಲ್ಲ. ಟ್ರಾಕ್ಟರಿನ ಗಾಲಿ ಬಸ್ಸಿನಷ್ಟು, ಬಸ್ಸಿನ ಬಾಗಿಲು ಇಲಿಯ ಬಿಲದಷ್ಟು. ನಮ್ಮ ಅಳತೆ ಒಬ್ಬ ಮಾವಳಾ. ದೀಪಾವಳಿಯಲ್ಲಿ ನಮ್ಮ ಕಡೆಯ ಹುಡುಗರು ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟಿ ಬುರುಜುಗಳ ಮೇಲೆ ನಿಲ್ಲಿಸುತ್ತಾರಲ್ಲ, ಕತ್ತಿ ಗುರಾಣಿಯ ಆ ಸಿಪಾಯಿ ಬೊಂಬೆ. ಅವನನ್ನು ಪಕ್ಕದಲ್ಲಿ ನಿಲ್ಲಿಸಿ, ಅವನು ಬಗ್ಗದೆ ಹೋಗುವಷ್ಟು ಬಾಗಿಲು, ಅವನ ಸೊಂಟದಷ್ಟು ಗಾಲಿ ಎಂದು ಕತ್ತರಿಸುತ್ತೇನೆ. ಹೆಡ್‌ಲೈಟಿನ ಗಾಜಿಗೆ ಮಾತ್ರೆಯ ಸ್ಟ್ರಿಪ್ಪಿನ ಪ್ಲಾಸ್ಟಿಕ್ ಗುಳ್ಳೆ, ಸೈಲೆನ್ಸರಿಗೆ ಬಾಲ್‌ಪೆನ್ನಿನ ರೀಫಿಲ್ಲು, ಟಾರ್ಪಾಲಿಗೆ ಹಳೆಯ ಕೊಡೆಯ ಬಟ್ಟೆ. ಸೊಸೆಗೆ ಇದೊಂದು ಕಾಟ. “ಅತ್ತಿ, ಗುಳಿಗಿ ನುಂಗ್ತೀರೋ ಬರೇ ಕಾಗದಾ ಕತ್ತರಸ್ತೀರೋ?” ಎಂದು ಖಾಲಿ ಸ್ಟ್ರಿಪ್ಪುಗಳನ್ನು ಅನುಮಾನದಿಂದ ಎಣಿಸುತ್ತಾಳೆ.

ಒಂದು ಜೀಪು, ಒಂದು ನೀರಿನ ಟ್ಯಾಂಕರು, ತೋಪು ಎಳೆಯುವ ಒಂದು ಟ್ರಕ್ಕು ಮಾಡಿ ಮುಗಿಸಿದ್ದೆವು. ಎಡಗಡೆಯ ಸ್ಟೀರಿಂಗಿಗೆ ಇವರು ‘ಚಲೋ ಐತಿ’ ಎಂದ ಮರುದಿನ ಆ ಮೂರನ್ನೂ ಶೋಕೇಸಿನಿಂದ ಇಳಿಸಿ ಮತ್ತೆ ನೋಡಿದೆ. ಮೂರರ ಕ್ಯಾಬಿನಿಗೂ ಕಿಟಕಿಯಲ್ಲಿ ಕಪ್ಪು ಕಾಗದ. “ಕರೀ ಕಾಗದಾ ಹಚ್ಚಿಬಿಡು, ಒಳಗ ಯಾರ ನೋಡ್ತಾರ?” ಎಂದಿದ್ದು ಇವರೇ. ಟೈರುಗಳ ವಿಷಯದಲ್ಲಿ ಮಾತ್ರ ಹಾಗೆ ಬಿಟ್ಟವರಲ್ಲ. ಈ ಹಲ್ಲು ಉಸುಕಿಗೆ, ಈ ಹಲ್ಲು ಕೆಸರಿಗೆ, ಇದು ಮುಂದಿನ ಗಾಲಿಗೆ ಆಗುವುದಿಲ್ಲ ಎಂದು ಸಂತೆಯ ಅಂಗಡಿಯವನ ಮುಂದೆ ಆಟಿಕೆಗಳ ಗಾಲಿಗಳನ್ನು ಮೂಗಿನ ತನಕ ಹಿಡಿದು ಬೇಡ ಬೇಡ ಎಂದವರು. ಗಾಲಿ ಇಷ್ಟು ಗೊತ್ತಿರುವವರಿಗೆ ಗಾಲಿ ತಿರುಗಿಸುವ ಚಕ್ರದ ಬಗ್ಗೆ ಇಷ್ಟು ಉದಾಸೀನವೇಕೆ?

ಆಂಬುಲೆನ್ಸು ಮಾಡಲು ಹೇಳಿದ್ದು ನಮ್ಮೂರ ಕನ್ನಡ ಶಾಲೆಯ ಅಕ್ಕೋರು. ಸಂಖದ ಕಡೆಯ ಹುಡುಗಿ, ಈ ವರ್ಷವೇ ಬಂದವಳು. ಜನವರಿ ಇಪ್ಪತ್ತಾರರ ಝೆಂಡಾವಂದನಕ್ಕೆ ನಮ್ಮ ಗಾಡಿಗಳನ್ನು ಮೇಜಿನ ಮೇಲಿಟ್ಟು ಮಕ್ಕಳಿಗೆ ತೋರಿಸಬೇಕು ಎಂದು ಮನೆಗೆ ಬಂದಿದ್ದಳು.

“ಅಜ್ಜಾರು ಆಂಬುಲೆನ್ಸ್ ಓಡಿಸಿದವರಂತಲ್ಲರಿ. ಅದನ್ನೂ ಒಂದು ಮಾಡ್ರಿ. ಅದರ ಬಾಜು ನಿಂತು ಅಜ್ಜಾರು ನಾಕು ಮಾತು ಹೇಳಲಿ. ಯಳವಿ ಕಡೆಯಿಂದ ಇನ್ನೊಬ್ರು ಮಾಜಿ ಸೈನಿಕರನ್ನೂ ಕರದೀವ್ರಿ. ಅವರೂ ಮಿಲ್ಟ್ರಿ ಗಾಡಿ ಓಡಿಸಿದವರ. ಇಬ್ರೂ ಕೂಡಿದ್ರ ಮಾತಿಗಿ ಕಳಾ ಬರ್ತೈತಿ.”

ಇವರ ಚಹದ ಬಸಿ ತುಟಿಯ ಹತ್ತಿರ ನಿಂತಿತು. ಕೈಯ ನಡುಕವೋ ಬೇರೆಯದೋ, ಒಂದು ಗುಟುಕು ಧೋತರದ ಮೇಲೆ ಚೆಲ್ಲಿತು. “ಆಗ್ಲಿ ಬಿಡ್ರಿ,” ಅಂದರು. ಆವತ್ತು ನಾನು ಅದನ್ನು ಸಂಕೋಚ ಎಂದುಕೊಂಡೆ. ಸ್ಟೀರಿಂಗಿನ ನಂತರ ಅದು ಬೇರೆ ಥರ ಕಾಣತೊಡಗಿತು. ಇವರು ನಿಜವಾಗಿ ಆ ಗಾಡಿ ಓಡಿಸಿದ್ದಾರೆಯೇ? ಇಲ್ಲವಾದರೆ ಯಳವಿಯವರ ಒಂದು ಪ್ರಶ್ನೆಗೆ ಇಡೀ ಊರಿನ ಮುಂದೆ, ಸಣ್ಣ ಮಕ್ಕಳ ಮುಂದೆ, ಇವರ ಗತಿ ಏನು? ನನ್ನ ಗತಿ ಏನು, ಹೀ ಸೇವ್ಸ್ ಲೈವ್ಸ್ ಎಂದು ಬರೆದವಳದು?

ಕಾಗದಪತ್ರ ನೋಡಿದ್ದರೆ ತಿಳಿಯುತ್ತಿತ್ತು ಎನ್ನಬಹುದು. ಇವರ ಟ್ರಂಕು ಮಂಚದ ಕೆಳಗೇ ಇದೆ. ಗಂಡನ ಟ್ರಂಕು ಕದ್ದು ತೆಗೆಯುವುದು ಚೀಪ್ ಅನ್ನಿಸಿತು. ಬಾಯಿಂದಲೇ ಹೊರಡಿಸಬೇಕು.

“ಏನ್ರಿ,” ಅಂದೆ ಒಂದು ಮುಂಜಾನೆ, “ನಮ್ಮ ದೇಶದಾಗ ಸ್ಟೀರಿಂಗ್ ಬಲಕ್ಕ ಇರ್ತೈತಲ್ಲ?”

ಇವರು ಜೋಳದ ಭಕ್ಕರಿ ಮುರಿಯುವುದನ್ನು ನಿಲ್ಲಿಸಲಿಲ್ಲ. “ಆ ಗಾಡಿ ಪರದೇಶದ್ದಿತ್ತು. ಮಿಲ್ಟ್ರಿ ಗಾಡಿ ಬ್ಯಾರೇನ ಇರ್ತಾವ.”

“ಯಾವ ದೇಶದ್ದು?”

“ಅದೆಲ್ಲಾ ನಮಗ ಹೇಳ್ತಿದ್ರೇನು, ಬಾಯಾರ? ಕೀಲಿ ಕೊಡ್ತಿದ್ರು, ಓಡಿಸು ಅಂತಿದ್ರು.”

ನನ್ನನ್ನು ಕೆಣಕಬೇಕಾದಾಗ ಮಾತ್ರ ಇವರು ‘ಬಾಯಾರ’ ಎನ್ನುವುದು, ಶಾಲೆಯ ಮಾಸ್ತರಣಿಗೆ ಅಂದ ಹಾಗೆ. ಉತ್ತರ ಸರಿಯಾಗೇ ಇತ್ತು. ಪರದೇಶದ ಗಾಡಿ ಇದ್ದರೂ ಇದ್ದೀತು. ನನ್ನ ಅನುಮಾನಕ್ಕೇ ನನಗೆ ನಾಚಿಕೆಯಾಗಬೇಕು ಎನ್ನುವಷ್ಟರಲ್ಲಿ, ಭಕ್ಕರಿ ಬಡಿಸುತ್ತಿದ್ದ ಸೊಸೆ ಸುಮ್ಮನಿರಲಾರದೆ, “ಮಾವಾರು ನಮ್ಮ ಟ್ರಾಕ್ಟರ್ ಸುದ್ದಾ ಮುಟ್ಟಿದ್ದು ನಾ ನೋಡಿಲ್ಲ ಬಿಡ್ರಿ,” ಅಂದಳು.

“ಓಡಿಸಿ ಓಡಿಸಿ ಕೈ ಸತ್ತಾವವ್ವಾ,” ಅಂದರು ಇವರು. ಮದುವೆಯಾದಾಗಿನಿಂದ ನಾನು ಕೇಳಿದ ಮಾತು. ಕೇಳಿದಾಗಲೆಲ್ಲ ಪಾಪ ಅಂದುಕೊಂಡ ಮಾತು. ಈಗ ಅದರ ಹಿಂಬದಿಯನ್ನು ತಿರುಗಿಸಿ ನೋಡಬೇಕೆನ್ನಿಸಿತು.

ಕೆಲಸ ಮುಂದುವರಿಯಿತು. ಕ್ಯಾಬಿನ್ನಿನ ಬಗ್ಗೆ ಕೇಳಿದರೆ ಇವರು “ನೋಡಿ ಮಾಡು” ಎನ್ನುವರು. ಹಿಂದಿನ ಕೋಣೆಗೆ ಬಂದ ಕೂಡಲೇ ಬೇರೆಯೇ ಮನುಷ್ಯ. ಒಳಚಾವಣಿಗೆ ಕಟ್ಟಿಗೆಯ ಪಟ್ಟಿಗಳಿದ್ದವಂತೆ, ಒತ್ತೊತ್ತಾಗಿ. ಐಸ್‌ಕ್ರೀಮ್ ಕಡ್ಡಿಗಳನ್ನು ಉದ್ದಕ್ಕೆ ಸೀಳಿ ಅಂಟಿಸಿದೆ. ಬೆರಳಾಡಿಸಿ, “ನಡುವಿನ ಪಟ್ಟಿ ತುಸು ಸೊಟ್ಟ ಇರಲಿ. ಅದರ ಒಂದು ಮೊಳಿ ಎದ್ದಿತ್ತು,” ಅಂದರು. ದೀಪಕ್ಕೆ ತಂತಿಯ ಬಲೆ ಬೇಕು. ದೀಪದಿಂದ ಇಷ್ಟು ದೂರಕ್ಕೆ ಸಲೈನ್ ಬಾಟಲಿ ತೂಗುವ ಕೊಕ್ಕೆ. ಕೊಕ್ಕೆ ಬಾಗಿಲ ಕಡೆ ಮುಖ ಮಾಡಿರಬೇಕು. ನಾನು ಗುಂಡುಸೂಜಿ ಬಗ್ಗಿಸಿ ಕೂರಿಸಿದರೆ, “ಉಲ್ಟಾ ಆತು” ಎಂದು ಕೀಳಿಸಿದರು. ಮಂಜುಗಣ್ಣಿನ ಮನುಷ್ಯ ಕೊಕ್ಕೆಯ ಮುಖ ಗುರುತಿಸುತ್ತಾರೆ, ಸ್ಟೀರಿಂಗಿನ ಬದಿ ಗುರುತಿಸುವುದಿಲ್ಲ.

ಡ್ರೈವರನಿಗೆ ಚಾವಣಿಯ ಮೊಳೆ ಯಾಕೆ ಗೊತ್ತಿರಬೇಕು? ಗಾಡಿ ತೊಳೆಯುವಾಗ ನೋಡಿರಬಹುದು. ರೋಗಿಗಳನ್ನು ಒಳಗೆ ಇಡುವಾಗ ನೋಡಿರಬಹುದು. ಇವರ ಪರವಾಗಿ ವಾದ ಹುಡುಕುವುದೂ ನಾನೇ, ಅದನ್ನು ಮುರಿಯುವುದೂ ನಾನೇ. ಬೆಳುಂಕಿ ಊರಿಗೆ ಹೋಗಿಬರುವ ನೆವದಲ್ಲಿ ಯಳವಿಗೆ ಹೋಗಿ ಆ ಮಾಜಿ ಸೈನಿಕರನ್ನೇ ಕೇಳಿಬಿಡಲೇ ಎಂದು ಬಸ್ ಸ್ಟ್ಯಾಂಡಿನ ತನಕ ಹೋದೆ. ಏನಂತ ಕೇಳುವುದು? ನನ್ನ ಗಂಡ ಖರೇ ಹೇಳುತ್ತಾರೋ ಇಲ್ಲವೋ ಎಂದು ಪರಪುರುಷನನ್ನು? ಒಂದು ಕಟ್ಟು ಮೆಂತೆ ಸೊಪ್ಪು ಕೊಂಡು ಮನೆಗೆ ಬಂದೆ.

ಮನೆಗೆ ಬಂದಾಗ ಮಧ್ಯಾಹ್ನದ ಬಿಸಿಲು. ಒಳಗಿನ ಕೋಣೆಯಲ್ಲಿ ಇವರು ಮಂಚದ ಮೇಲೆ ಅಂಗಾತ ಮಲಗಿದ್ದರು. ಆಂಬುಲೆನ್ಸಿನ ಚಾವಣಿಯನ್ನು ನಾನು ಡಬ್ಬಿಯ ಮುಚ್ಚಳದ ಹಾಗೆ ತೆಗೆದು ಹಾಕುವಂತೆ ಮಾಡಿದ್ದೆ. ಆ ಚಾವಣಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಡ್ಡಿಪಟ್ಟಿಗಳು ಕೆಳಗಾಗುವಂತೆ ಮುಖದ ಮೇಲೆ ಎತ್ತಿಕೊಂಡಿದ್ದರು. ಕೈಗಳು ನಡುಗುತ್ತಿದ್ದವು, ಕೊಕ್ಕೆ ತೂಗುತ್ತಿತ್ತು. ಚಾವಣಿಯನ್ನು ತುಸು ತುಸು ಸರಿಸಿ, ಎಲ್ಲಿಯೋ ಒಂದು ಕಡೆ ತಂದು ನಿಲ್ಲಿಸಿ, “ಈಗ ಸರಿ ಆತು,” ಎಂದು ತಮ್ಮಷ್ಟಕ್ಕೆ ಅಂದರು.

ನಾನು ಸೊಪ್ಪಿನ ಕಟ್ಟನ್ನು ಹಿಡಿದುಕೊಂಡೇ ನಿಂತೆ.

“ನೀವು ಇದನ್ನ ಮಲಕೊಂಡು ನೋಡೀರಿ,” ಅಂದೆ. “ಕುಂತು ನೋಡಿಲ್ಲ.”

ಕೈ ಕೆಳಗಿಳಿಯಿತು. ಚಾವಣಿ ಎದೆಯ ಮೇಲೆ ಕೂತಿತು.

“ಬಾಗಲಾ ಹಾಕು,” ಅಂದರು. “ಸೊಸಿ ಕೇಳ್ಯಾಳು.”

ಬಾಗಿಲು ಹಾಕಿದೆ. ಇವರು ಏಳಲಿಲ್ಲ. ಚಾವಣಿಯ ಕಡೆಗೇ ಮುಖ ಮಾಡಿ ಹೇಳಿದರು. ಗುಡ್ಡ ಏರಿ ವಾರವೂ ಆಗಿರಲಿಲ್ಲವಂತೆ. ಎದೆಯಲ್ಲಿ ನೀರು ತುಂಬಿತು, ಉಸಿರು ಸಿಕ್ಕಲಿಲ್ಲ. ಆಂಬುಲೆನ್ಸಿನಲ್ಲಿ ಮಲಗಿಸಿ ಕೆಳಗೆ ತಂದರು. ಇವನ ಎದೆಗೆ ಗುಡ್ಡ ಆಗುವುದಿಲ್ಲ ಎಂದು ಡಾಕ್ಟರು ಬರೆದ ಮೇಲೆ ಬಯಲಿನ ಒಂದು ಗೋದಾಮಿಗೆ ಹಾಕಿದರು. ಟೈರಿನ ಗೋದಾಮು. ಸರ್ವಿಸ್ ಮುಗಿಯುವ ತನಕ ಅಲ್ಲಿಯೇ.

“ಮತ್ತ ಡ್ರೈವರ್?”

“ಅದು ನಮ್ಮಣ್ಣ ನಿಮ್ಮಪ್ಪಗ ಹೇಳಿದ್ದು. ನಾ ಅಲ್ಲ ಅನಲಿಲ್ಲ, ಅಷ್ಟ. ಟೈರ್ ಎಣಸಾಂವ ಅಂದಿದ್ರ ಕಾನ್ವೆಂಟ್ ಹುಡುಗೀನ ಕೊಡ್ತಿದ್ರೇನು?”

ಕೊಡುತ್ತಿರಲಿಲ್ಲ. ಅದು ನನಗೂ ಗೊತ್ತು. ಟೈರುಗಳ ನಡುವೆ ಕುಳಿತ ಗಂಡನೂ ನನಗೆ ನಡೆಯುತ್ತಿತ್ತೇನೋ. ಆದರೆ ನಡೆಯುತ್ತದೋ ಇಲ್ಲವೋ ಎಂದು ಯಾರೂ ನನ್ನನ್ನು ಕೇಳಲಿಲ್ಲವಲ್ಲ, ಅದು ಚುಚ್ಚಿತು. ಅಷ್ಟು ವರ್ಷ ‘ಅಲ್ಲ’ ಅನ್ನದೆ ಇದ್ದ ಮನುಷ್ಯ ಇನ್ನು ಏನೇನಕ್ಕೆ ಅಲ್ಲ ಅಂದಿಲ್ಲವೋ. ನಾನು ಚಳಿಗಾಲದಲ್ಲಿ ಮಾಡುವ ಕಿತ್ತಳೆ ಸಿಪ್ಪೆಯ ಮಾರ್ಮಲೇಡು ಚಲೋ ಆಗೇತಿ ಎನ್ನುತ್ತಾರೆ. ಅದೂ ಹೀಗೆಯೇ? ರಾತ್ರಿ ಊಟಕ್ಕೆ ಬಡಿಸುವಾಗ ಇವರ ಮುಖವನ್ನು ಕಳ್ಳನ ಮುಖ ನೋಡಿದಂತೆ ನೋಡಿದೆ. “ಚಲೋ ಆಗೇತಿ,” ಅಂದರು ಪಲ್ಯಕ್ಕೆ. “ಖರೇನ?” ಅಂದೆ. ಸೊಸೆ ಇಬ್ಬರನ್ನೂ ಮಿಕಮಿಕ ನೋಡಿದಳು.

“ಸಾಲಿಗಿ ಬ್ಯಾಡ ಅಂತ ಹೇಳಿಬಿಡು,” ಅಂದರು ಮರುದಿನ. “ಮೊಳಕಾಲ ನೋವು ಅನ್ನು.”

“ನಾ ಸುಳ್ಳ ಹೇಳಂಗಿಲ್ಲ.”

“ನೀ ಒಬ್ಬಾಕಿ ಹೋಗು ಹಂಗಾರ.”

“ಹೋಗಿ? ನಮ್ಮವರು ಓಡಿಸಿದ ಗಾಡಿ ಅನ್ಲೋ, ಮಲಗಿದ ಗಾಡಿ ಅನ್ಲೋ? ನೀವ ಬರ್ರಿ, ನೀವ ಹೇಳ್ರಿ. ಏನ್ ಬೇಕಾದ್ದು ಹೇಳ್ರಿ. ನಾ ಬಾಜು ನಿಂತಿರ್ತೀನಿ, ಬಾಯಿ ಬಿಡಂಗಿಲ್ಲ.”

ಇವರು ನನ್ನನ್ನು ನಂಬಲಿಲ್ಲ. ಬಾಯಿ ಬಿಡುವುದಿಲ್ಲ ಎಂದವಳು ಅಲ್ಲಿ ಇಂಗ್ಲಿಷಿನಲ್ಲಿ ಏನಾದರೂ ಅಂದುಬಿಟ್ಟರೆ ಎಂಬ ಭಯ ಕಣ್ಣಲ್ಲಿ ಕಂಡಿತು. ನಾನು ಸ್ಟೀರಿಂಗನ್ನು ಕಿತ್ತು ಬಲಕ್ಕೆ ಕೂರಿಸಿದೆ, ಗಿಯರಿನ ಕಡ್ಡಿಯನ್ನು ಎಡಕ್ಕೆ ನಿಲ್ಲಿಸಿದೆ. ಕ್ಯಾಬಿನಿನ ಕಿಟಕಿಗೆ ಕಪ್ಪು ಕಾಗದ ಹಚ್ಚಲಿಲ್ಲ. ಮೈಗೆ ಸೈನ್ಯದ ಹಸಿರು ಬಳಿದು, ಬದಿಯಲ್ಲಿ ಬಿಳಿಯ ಸುತ್ತು, ಅದರೊಳಗೆ ಕೆಂಪು ಪ್ಲಸ್ ಬರೆದೆ. ಹಿಂದಿನ ಕೋಣೆಯಲ್ಲಿ ಕೊಕ್ಕೆಯ ಕೆಳಗೆ, ಗಾಡಿಯ ಎಡಗೋಡೆಗೆ ಹೊಂದಿಸಿ, ಗಾಯದ ಪಟ್ಟಿಯ ಬಟ್ಟೆ ಬಿಗಿದ ಒಂದು ಸ್ಟ್ರೆಚರು ಕಟ್ಟಿದೆ. ಫಿನಿಶಿಂಗ್ ಚೆನ್ನಾಗಿ ಬಂತು.

ಜನವರಿ ಇಪ್ಪತ್ತಾರರಂದು ಝೆಂಡಾ ಏರಿದ ಮೇಲೆ ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿದರು. ನಾಲ್ಕು ಗಾಡಿಗಳು, ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಇವರು, ಇನ್ನೊಂದರಲ್ಲಿ ಯಳವಿಯವರು. ದಪ್ಪ ಮೀಸೆ, ದೊಡ್ಡ ದನಿ, ಕೂತ ಕೂಡಲೇ ಇವರ ತೊಡೆ ತಟ್ಟಿ, “ಯಾವ ರೂಟಿನ್ಯಾಗ ಇದ್ರಿ ನೀವು?” ಎಂದು ಕೇಳಿದರು. ಇವರು ಕೇಳಿಸದವರಂತೆ ಟ್ರಕ್ಕಿನ ಟೈರು ಸರಿಮಾಡತೊಡಗಿದರು. ಅಕ್ಕೋರು ಮೈಕಿನಲ್ಲಿ, “ಯುದ್ಧಭೂಮಿಯಿಂದ ಸೈನಿಕರನ್ನು ಹೊತ್ತು ತಂದ ಸಾರಥಿ” ಎಂದು ಇವರನ್ನು ಪರಿಚಯಿಸಿದಳು. ನಾನು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ.

ಮಕ್ಕಳು ಮುಗಿಬಿದ್ದವು. ಇದು ಓಡತೈತೇನು, ಇದಕ್ಕ ಸೆಲ್ ಬೇಕೇನು, ತೋಪಿನಾಗ ಗುಂಡ ಐತೇನು. ಎರಡು ಜಡೆಯ ಒಂದು ಹುಡುಗಿ ಆಂಬುಲೆನ್ಸಿನ ಮೂತಿಯೊಳಗೆ ಇಣುಕಿ ನೋಡಿ, “ಅಜ್ಜಾ, ನೀವು ಎಲ್ಲೆ ಕುಂದರ್ತಿದ್ರಿ?” ಎಂದಳು.

ಇವರು ನನ್ನ ಕಡೆ ನೋಡಿದರು. ನಾನು ಬೇಕೆಂದೇ ಝೆಂಡಾದ ಕಂಬದ ಕಡೆ ನೋಡಿದೆ. ಸ್ಟೀರಿಂಗಿನ ಮೇಲೆ ಬೆರಳಿಟ್ಟುಬಿಡುತ್ತಾರೆ, ಖಂಡಿತ ಇಡುತ್ತಾರೆ ಎಂದುಕೊಂಡೆ. ಚಾವಣಿ ತೆಗೆದ ಸಪ್ಪಳ ಕೇಳಿಸಿತು.

“ಇಲ್ಲೆ,” ಎಂದರು ಇವರು. ತಿರುಗಿ ನೋಡಿದೆ. ಇವರ ಬೆರಳು ಸ್ಟ್ರೆಚರಿನ ಮೇಲಿತ್ತು. “ಕುಂತಿರಲಿಲ್ಲವ್ವಾ. ಮಲಗಿದ್ದೆ. ನಂಗ ಉಸರ ಹತ್ತಿತ್ತು. ಓಡಿಸಿದಾಂವ ಬ್ಯಾರೆ.”

ಅಕ್ಕೋರು ಮೈಕನ್ನು ಕೆಳಗಿಳಿಸಿದಳು. ಮಕ್ಕಳಿಗೆ ಏನೂ ಅನ್ನಿಸಲಿಲ್ಲ. “ಒಳಗ ಊಟಾ ಕೊಡ್ತಿದ್ರೇನು?” ಎಂದಿತು ಇನ್ನೊಂದು. ದೊಡ್ಡವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಯಳವಿಯವರು ಗೊಳ್ಳನೆ ನಕ್ಕರು.

“ಹಿಂದ ಮಲಗಿದವರೇನ್ರಿ ನೀವು! ಅಬ್ಬಬ್ಬಾ, ನಮಗ ಎಷ್ಟು ಬೈತಿದ್ರಿ ನೀವೆಲ್ಲಾ. ಒಂದೊಂದು ತಗ್ಗಿಗೂ ನಮ್ಮ ಹಡದವ್ವನ್ನ ನೆನಸ್ತಿದ್ರಿ.”

“ನಾನೂ ಬೈದೀನ್ರಿ,” ಅಂದರು ಇವರು. ತಾವೂ ನಕ್ಕರು. ಅಷ್ಟು ಸಲೀಸಾಗಿ ನಕ್ಕದ್ದು ಬಹಳ ದಿನದ ಮೇಲೆ. ನಗುತ್ತಲೇ, “ನನ್ನ ಕೆಳಗಿನ ಸ್ಟ್ರೆಚರ್ ಮ್ಯಾಲೆ ಇದ್ದಾಂವ ಬೈಲಿಲ್ಲ,” ಎಂದು ಸೇರಿಸಿದರು. “ಅರ್ಧಾ ಹಾದಿ ತನಕಾ ನರಳ್ತಿದ್ದ. ಆಮ್ಯಾಲ ಸುಮ್ಮನಾದ.”

ಯಳವಿಯವರ ನಗು ನಿಂತಿತು. ಇವರ ತೊಡೆಯ ಮೇಲೆ ಕೈಯಿಟ್ಟರು. ಅಕ್ಕೋರು ಮಕ್ಕಳಿಗೆ ಲಾಡು ಹಂಚಲು ಕರೆದಳು.

ಕೆಳಗಿನ ಸ್ಟ್ರೆಚರ್! ಬಾಗಿಲು ಹಾಕಿ ಎಲ್ಲ ಹೇಳಿದ ದಿನ ಈ ಮನುಷ್ಯನ ಸುದ್ದಿಯೇ ಬಂದಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕೇಳಿದೆ.

“ಯಾರವ?”

“ಯಾರೋ. ಹೆಸರ ಗೊತ್ತಿಲ್ಲ. ಕೆಳಗ ಇಳಸೂವಾಗ ಮಾರಿ ಮ್ಯಾಲೆ ಕಂಬಳಿ ಎಳದಿದ್ರು.”

“ಅಷ್ಟು ಹಾದಿ ಒಂದ ಗಾಡಿಯಾಗ ಬಂದೀರಿ. ಹೆಸರ ಕೇಳಲಿಲ್ಲ?”

“ನೀ ಪೊಲೀಸ್ ಖಾತೆದಾಗ ಇರಬೇಕಿತ್ತು,” ಅಂದರು. ಮುಂದೆ ಎರಡು ಹೆಜ್ಜೆ ಬೇಗ ನಡೆದರು, ಮೊಳಕಾಲು ನೋವಿನವರು.

ಗಾಡಿಗಳನ್ನು ಶೋಕೇಸಿನಲ್ಲಿಡುವಾಗ ಆಂಬುಲೆನ್ಸನ್ನು ತಡೆದರು. “ಅದನ್ನ ಹೊರಗ ಇಡು. ಕೆಳಗೂ ಒಂದು ಸ್ಟ್ರೆಚರ್ ಮಾಡು. ಆಳೂ ಒಂದು ಮಲಗಸು.”

“ಮಾಡ್ತೀನಿ. ಯಾರಂತ ಹೇಳ್ರಿ ಮೊದಲ.”

“ನೀ ಮಾಡು. ಮಾಡಿದಮ್ಯಾಲ ಹೇಳ್ತೀನಿ.”

ಹೇಳುತ್ತಾರೆಂಬ ನಂಬಿಕೆ ನನಗಿಲ್ಲ. ದಾರಿಯಲ್ಲಿ ಗೊತ್ತಿಲ್ಲ ಎಂದರೂ ಹೆಸರು ಇವರಿಗೆ ಗೊತ್ತು, ಊರೂ ಗೊತ್ತಿರಬೇಕು. ಆದರೂ ಸ್ಟ್ರೆಚರಿಗೆ ಗಾಯದ ಪಟ್ಟಿಯ ಬಟ್ಟೆಯನ್ನು ಅಳತೆಗೆ ಕತ್ತರಿಸಿ ಇಟ್ಟಿದ್ದೇನೆ. ಕಂಬಳಿಗೆ ಯಾವ ಬಣ್ಣ ಎಂದು ಕೇಳಿದ್ದಕ್ಕೆ ಇವರು ಯೋಚಿಸಲೂ ಇಲ್ಲ, ಕೂಡಲೇ ಹೇಳಿದರು: ಕಂದು, ಅಂಚಿಗೆ ಕೆಂಪು ಗೆರೆ.